ಆ್ಯಪ್‌ನಿಂದ ಡೇಟಾಬೇಸ್‌ವರೆಗೆ ಸುರಕ್ಷಿತ ದಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಕಡೆ ಹೋಮ್‌ಸ್ಟೇ ಬುಕಿಂಗ್, ತೋಟದ ಲೆಕ್ಕ, ಕೊಬ್ಬರಿ ಮಂಡಿಯ ಬಿಲ್ಲಿಂಗ್, ಸೊಸೈಟಿ ಸಾಲದ ಲೆಡ್ಜರ್ ಇಂಥವಕ್ಕೆ ಆ್ಯಪ್ ಬರೆಯುವವರು ಮತ್ತು ಕೊನೇ ವರ್ಷದ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳಿವು. ಉತ್ತರಗಳಲ್ಲಿ ಎರಡು ಉದಾಹರಣೆಗಳು ಮತ್ತೆ ಮತ್ತೆ ಬರುತ್ತವೆ: ಚಿಕ್ಕಮಗಳೂರಿನ ಒಂದು ಹೋಮ್‌ಸ್ಟೇಯ ಬುಕಿಂಗ್ ಪುಟ, ಸಕಲೇಶಪುರದ ಒಂದು ಕಾಫಿ ತೋಟದಲ್ಲಿ ಕೊಯ್ಲಿನ ತೂಕ ಬರೆದು ಬಟವಾಡೆ ಲೆಕ್ಕ ಹಾಕುವ ಆ್ಯಪ್. ಇವೆರಡೂ ಕಲ್ಪಿತ ಉದಾಹರಣೆಗಳು. ಕಮಾಂಡ್ ಮತ್ತು ಸೆಟ್ಟಿಂಗ್‌ಗಳ ಹೆಸರನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದೆ, ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲೇ ಹಾಕಿ.

ಆಂಡ್ರಾಯ್ಡ್ ಆ್ಯಪ್‌ನಿಂದ ನೇರವಾಗಿ ಮೈಎಸ್‌ಕ್ಯೂಎಲ್ ಡೇಟಾಬೇಸ್‌ಗೆ ಕನೆಕ್ಟ್ ಮಾಡಿದ್ದೇನೆ, ಚೆನ್ನಾಗಿಯೇ ಓಡುತ್ತಿದೆ. ಬದಲಾಯಿಸಲೇಬೇಕಾ?

ಬದಲಾಯಿಸಲೇಬೇಕು. ಓಡುತ್ತಿದೆ ಎಂಬುದು ನಿಜ, ಆದರೆ ಡೇಟಾಬೇಸ್‌ನ ವಿಳಾಸ, ಯೂಸರ್ ಹೆಸರು, ಪಾಸ್‌ವರ್ಡ್ ಮೂರೂ ಆ್ಯಪ್‌ನ ಎಪಿಕೆ ಫೈಲ್‌ನಲ್ಲಿ ಕೂತಿವೆ. ಎಪಿಕೆ ಎಂದರೆ ಒಂದು ಜಿಪ್ ಫೈಲ್ ಅಷ್ಟೆ. ಜಾಡೆಕ್ಸ್‌ನಂಥ ಉಚಿತ ಸಾಧನದಲ್ಲಿ ಅದನ್ನು ತೆರೆದು, ಪಾಸ್‌ವರ್ಡ್ ಇರುವ ಸಾಲನ್ನು ಹುಡುಕಲು ನಿಮಿಷಗಳು ಸಾಕು. ಕೋಡನ್ನು ಗೋಜಲು ಮಾಡುವ ಪ್ರೊಗಾರ್ಡ್ ಅಥವಾ ಆರ್8 ಹಾಕಿದರೆ ಕ್ಲಾಸ್ ಮತ್ತು ಫಂಕ್ಷನ್‌ಗಳ ಹೆಸರು ಬದಲಾಗುತ್ತದೆ, ಉದ್ಧರಣ ಚಿಹ್ನೆಯೊಳಗಿನ ಪಠ್ಯ ಹಾಗೇ ಉಳಿಯುತ್ತದೆ. ಪಾಸ್‌ವರ್ಡನ್ನು ಎನ್‌ಕ್ರಿಪ್ಟ್ ಮಾಡಿ ಇಟ್ಟರೂ ಬಿಡಿಸುವ ಕೀ ಅದೇ ಆ್ಯಪ್‌ನಲ್ಲಿ ಇರಲೇಬೇಕಲ್ಲ.

ಪಾಸ್‌ವರ್ಡ್ ಸಿಕ್ಕವನು ನಿಮ್ಮ ಆ್ಯಪ್‌ನ ಬಟನ್‌ಗಳನ್ನು ಒತ್ತುತ್ತಾ ಕೂರುವುದಿಲ್ಲ. ನಿಮ್ಮ ಪರದೆಯಲ್ಲಿ ‘ತೂಕ ಸೇರಿಸಿ’ ಎಂಬ ಒಂದೇ ಬಟನ್ ಇರಬಹುದು. ಆ ಪಾಸ್‌ವರ್ಡಿಗೆ ಇಡೀ ಟೇಬಲನ್ನೇ ಅಳಿಸುವ ಹಕ್ಕಿರುತ್ತದೆ.

ಇನ್ನೂ ಎರಡು ತೊಂದರೆಗಳಿವೆ. ಮೊಬೈಲ್ ಡೇಟಾದಲ್ಲಿ ಫೋನಿನ ಐಪಿ ವಿಳಾಸ ಬದಲಾಗುತ್ತಲೇ ಇರುತ್ತದೆ, ಹಾಗಾಗಿ ಮೈಎಸ್‌ಕ್ಯೂಎಲ್‌ನ ಬಾಗಿಲಾದ 3306ನೇ ಪೋರ್ಟನ್ನು ಇಡೀ ಜಗತ್ತಿಗೆ ತೆರೆದಿಡಬೇಕಾಗುತ್ತದೆ. ಹಾಗೆ ತೆರೆದ ಪೋರ್ಟನ್ನು ತಾನಾಗಿಯೇ ಹುಡುಕುವ ಸ್ಕ್ಯಾನರ್‌ಗಳು ಹಗಲೂ ರಾತ್ರಿ ಓಡುತ್ತಿವೆ. 2017ರ ಜನವರಿಯಲ್ಲಿ ಪಾಸ್‌ವರ್ಡೇ ಇಲ್ಲದೆ ತೆರೆದಿದ್ದ ಸಾವಿರಾರು ಮಾಂಗೊಡಿಬಿ ಡೇಟಾಬೇಸ್‌ಗಳನ್ನು ಅಳಿಸಿ, ಹಣ ಕೊಡಿ ಎಂಬ ಚೀಟಿ ಬಿಟ್ಟುಹೋದದ್ದು ಹೀಗೆಯೇ. ಎರಡನೆಯದು ಕನೆಕ್ಷನ್‌ಗಳ ಲೆಕ್ಕ. ಮೈಎಸ್‌ಕ್ಯೂಎಲ್ ಸಾಮಾನ್ಯ ಸೆಟ್ಟಿಂಗ್‌ನಲ್ಲಿ 151 ಕನೆಕ್ಷನ್‌ಗೆ, ಇನ್ನೊಂದು ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್ 100ಕ್ಕೆ ನಿಲ್ಲುತ್ತದೆ. ಘಾಟಿಯಲ್ಲಿ ಸಿಗ್ನಲ್ ಹೋದ ಫೋನು ತನ್ನ ಕನೆಕ್ಷನ್ ಮುಚ್ಚದೆಯೇ ಮಾಯವಾಗುತ್ತದೆ, ಸರ್ವರ್ ಅದನ್ನು ಬಹಳ ಹೊತ್ತು ಹಿಡಿದೇ ಇರುತ್ತದೆ. ನೂರು ಫೋನು ಬೇಕಾಗಿಲ್ಲ, ಮೂವತ್ತು ಸಾಕು ‘ಟೂ ಮೆನಿ ಕನೆಕ್ಷನ್ಸ್’ ಎಂಬ ದೋಷ ಬರಲು.

ವೆಬ್‌ಸೈಟ್‌ನಲ್ಲಿ ಈ ತೊಂದರೆ ಇಲ್ಲ ತಾನೆ?

ಬ್ರೌಸರ್ 3306 ಅಥವಾ (ಪೋಸ್ಟ್‌ಗ್ರೆಸ್‌ನ) 5432ನೇ ಪೋರ್ಟಿಗೆ ಡೇಟಾಬೇಸ್‌ನ ಭಾಷೆಯಲ್ಲಿ ಮಾತಾಡಲಾರದು, ಹಾಗಾಗಿ ಇದೇ ತಪ್ಪು ಇದೇ ರೂಪದಲ್ಲಿ ಬರುವುದಿಲ್ಲ. ಬೇರೆ ವೇಷದಲ್ಲಿ ಬರುತ್ತದೆ: ಜಾವಾಸ್ಕ್ರಿಪ್ಟ್ ಒಳಗೆ ಅಡ್ಮಿನ್ ಕೀ, ಬ್ರೌಸರ್ ಕಳಿಸಿದ ಎಸ್‌ಕ್ಯೂಎಲ್ ಸಾಲನ್ನು ಹಾಗೆಯೇ ಓಡಿಸುವ ಪಿಎಚ್‌ಪಿ ಫೈಲ್, ‘ಯಾರು ಬೇಕಾದರೂ ಓದಬಹುದು’ ಎಂದು ಬಿಟ್ಟ ಫೈರ್‌ಬೇಸ್ (ಗೂಗಲ್‌ನ ಸಿದ್ಧ ಡೇಟಾಬೇಸ್ ಸೇವೆ). ಬ್ರೌಸರ್‌ನಲ್ಲಿ ಎಫ್12 ಒತ್ತಿದರೆ ನೆಟ್‌ವರ್ಕ್ ಟ್ಯಾಬ್‌ನಲ್ಲಿ ಹೋಗುವ ಬರುವ ಪ್ರತಿಯೊಂದೂ ಕಾಣುತ್ತದೆ. ಇದನ್ನು ನೋಡಲು ಪರಿಣತಿ ಬೇಡ.

ಹಾಗಾದರೆ ನಡುವೆ ಏನಿರಬೇಕು?

ನಿಮ್ಮ ಹತೋಟಿಯಲ್ಲಿರುವ ಒಂದು ಸರ್ವರ್ ಪ್ರೋಗ್ರಾಂ, ಅಂದರೆ ಎಪಿಐ. ತೋಟದಲ್ಲಿ ಗೊಬ್ಬರದ ಗೋದಾಮಿನ ಬೀಗದ ಕೈ ಪ್ರತಿ ಆಳಿನ ಕೈಗೆ ಕೊಡುವುದಿಲ್ಲ. ರೈಟರ್ ಹೆಸರು ಕೇಳಿ, ಪುಸ್ತಕ ನೋಡಿ, ಎಷ್ಟು ಬೇಕೋ ಅಷ್ಟನ್ನೇ ತೆಗೆದುಕೊಡುತ್ತಾರೆ. ಎಪಿಐಯ ಕೆಲಸವೂ ಅದೇ ಕ್ರಮದಲ್ಲಿ ನಡೆಯಬೇಕು. ಬಂದವರು ಯಾರು ಎಂದು ಟೋಕನ್‌ನಿಂದ (ಲಾಗಿನ್ ಆದಾಗ ಸರ್ವರ್ ಕೊಡುವ ಗುರುತು) ತಿಳಿಯಬೇಕು, ಅವರಿಗೆ ಈ ಕೆಲಸದ ಹಕ್ಕಿದೆಯೇ ಎಂದು ನೋಡಬೇಕು, ಕಳಿಸಿದ ಮಾಹಿತಿ ಸರಿಯಾಗಿದೆಯೇ ಎಂದು ಪರೀಕ್ಷಿಸಬೇಕು, ಆಮೇಲಷ್ಟೇ ಕ್ವೆರಿ (ಡೇಟಾಬೇಸ್‌ಗೆ ಕೊಡುವ ಆದೇಶ) ಓಡಿಸಿ ಬೇಕಾದ ಕಾಲಂಗಳನ್ನು ಮಾತ್ರ ಹಿಂದಿರುಗಿಸಬೇಕು. ‘ಸೆಲೆಕ್ಟ್ ಸ್ಟಾರ್’ ಹಾಕಿ ಎಲ್ಲವನ್ನೂ ಕಳಿಸಿ, ಪರದೆಯಲ್ಲಿ ಮೂರು ಕಾಲಂ ತೋರಿಸಿದರೆ ಉಳಿದ ಹತ್ತು ಕಾಲಂಗಳೂ ಬಳಕೆದಾರನ ಫೋನಿಗೆ ತಲುಪಿವೆ ಎಂದೇ ಅರ್ಥ.

ಚಿಕ್ಕ ಕೆಲಸಕ್ಕೆ 1 ಜಿಬಿ ರ‍್ಯಾಮ್ ಇರುವ ಒಂದು ವಿಪಿಎಸ್ (ಬಾಡಿಗೆಯ ವರ್ಚುವಲ್ ಸರ್ವರ್) ಸಾಕು. ವೆಬ್ ಸರ್ವರ್ ಎಂಜಿನ್ಎಕ್ಸ್ 443ನೇ ಪೋರ್ಟಿನಲ್ಲಿ ಎಚ್‌ಟಿಟಿಪಿಎಸ್ ಕೇಳುತ್ತದೆ. ನೋಡ್, ಪೈಥಾನ್ ಅಥವಾ ಪಿಎಚ್‌ಪಿಯ ಎಪಿಐ 127.0.0.1ರ (ಯಂತ್ರದ ಒಳಗಿನಿಂದ ಮಾತ್ರ ಸಿಗುವ ವಿಳಾಸ) 3000ನೇ ಪೋರ್ಟಿನಲ್ಲಿ ಓಡುತ್ತದೆ. ಪೋಸ್ಟ್‌ಗ್ರೆಸ್ ಅದೇ ಯಂತ್ರದ 5432ರಲ್ಲಿ, ಹೊರಗಿನವರಿಗೆ ಕಾಣದಂತೆ ಇರುತ್ತದೆ. ಫೈರ್‌ವಾಲ್‌ನಲ್ಲಿ ತೆರೆಯಬೇಕಾದದ್ದು 443, ಸರ್ಟಿಫಿಕೇಟ್ ನವೀಕರಣಕ್ಕೂ ರೀಡೈರೆಕ್ಟ್‌ಗೂ 80, ಮತ್ತು ನಿಮ್ಮ ನಿರ್ವಹಣೆಗೆ 22. 22ರಲ್ಲಿ ಓಡುವ ಎಸ್‌ಎಸ್‌ಎಚ್‌ಗೆ (ದೂರದಿಂದ ಸರ್ವರ್ ನಿರ್ವಹಿಸುವ ದಾರಿ) ಪಾಸ್‌ವರ್ಡ್ ಲಾಗಿನ್ ಮುಚ್ಚಿ, ಕೀ ಫೈಲ್ ಬಳಸಿ. ಲೆಟ್ಸ್ ಎನ್‌ಕ್ರಿಪ್ಟ್‌ನ ಸಾಮಾನ್ಯ ಉಚಿತ ಸರ್ಟಿಫಿಕೇಟ್ 90 ದಿನ ಬಾಳುತ್ತದೆ. ಸರ್ಟ್‌ಬಾಟ್ ಎಂಬ ಸಾಧನ ಅದನ್ನು ತಾನೇ ನವೀಕರಿಸಿದರೂ ಎಂಜಿನ್ಎಕ್ಸ್ ರೀಲೋಡ್ ಆಗದಿದ್ದರೆ ಹಳೆಯದೇ ಮುಂದುವರಿಯುತ್ತದೆ, ಆದ್ದರಿಂದ ರೀಲೋಡ್ ಕಮಾಂಡನ್ನು ಡಿಪ್ಲಾಯ್ ಹುಕ್‌ನಲ್ಲಿ (ನವೀಕರಣದ ನಂತರ ತಾನಾಗಿ ಓಡುವ ಜಾಗ) ಸೇರಿಸಿ.

ಯುಎಫ್‌ಡಬ್ಲ್ಯೂ ಫೈರ್‌ವಾಲ್‌ನಲ್ಲಿ 5432 ಮುಚ್ಚಿದ್ದೇನೆ, ಆದರೂ ಹೊರಗಿನಿಂದ ಡೇಟಾಬೇಸ್ ಸಿಗುತ್ತಿದೆ. ಹೇಗೆ?

ಡೇಟಾಬೇಸ್ ಡಾಕರ್‌ನಲ್ಲಿ (ಪ್ರೋಗ್ರಾಂಗಳನ್ನು ಪ್ರತ್ಯೇಕ ಕಂಟೇನರ್‌ಗಳಲ್ಲಿ ಓಡಿಸುವ ವ್ಯವಸ್ಥೆ) ಓಡುತ್ತಿದೆಯೇ ನೋಡಿ. ಬಹುಪಾಲು ಅದೇ ಕಾರಣ. ಡಾಕರ್‌ನಲ್ಲಿ ‘5432:5432’ ಎಂದು ಪೋರ್ಟ್ ಪ್ರಕಟಿಸಿದರೆ ಅದು 0.0.0.0ಗೆ, ಅಂದರೆ ಯಂತ್ರದ ಎಲ್ಲ ವಿಳಾಸಗಳಿಗೂ ಅಂಟಿಕೊಳ್ಳುತ್ತದೆ. ಡಾಕರ್ ತನ್ನದೇ ಐಪಿಟೇಬಲ್ಸ್ (ಲಿನಕ್ಸ್‌ನ ಫೈರ್‌ವಾಲ್) ನಿಯಮಗಳನ್ನು ಬರೆಯುವುದರಿಂದ ಆ ಪ್ಯಾಕೆಟ್‌ಗಳು ಯುಎಫ್‌ಡಬ್ಲ್ಯೂ ಕಾಯುವ ಇನ್‌ಪುಟ್ ಸರಣಿಗೆ ಬರುವುದೇ ಇಲ್ಲ, ಫಾರ್ವರ್ಡ್ ದಾರಿಯಲ್ಲಿ ಹೋಗಿಬಿಡುತ್ತವೆ. ಯುಎಫ್‌ಡಬ್ಲ್ಯೂ ಸ್ಟೇಟಸ್‌ನಲ್ಲಿ ಎಲ್ಲವೂ ಮುಚ್ಚಿದಂತೆ ಕಾಣುತ್ತದೆ, ಬಾಗಿಲು ಮಾತ್ರ ತೆರೆದಿರುತ್ತದೆ.

‘127.0.0.1:5432:5432’ ಎಂದು ಬರೆಯಿರಿ. ಎಪಿಐ ಕೂಡ ಡಾಕರ್‌ನಲ್ಲೇ ಇದ್ದರೆ ಪೋರ್ಟ್ ಪ್ರಕಟಿಸುವ ಸಾಲನ್ನೇ ತೆಗೆಯಿರಿ. ಒಂದೇ ನೆಟ್‌ವರ್ಕ್‌ನ ಕಂಟೇನರ್‌ಗಳು ಹೆಸರಿನಿಂದಲೇ ಒಂದನ್ನೊಂದು ತಲುಪುತ್ತವೆ. ಬದಲಾವಣೆಯ ನಂತರ ಸರ್ವರ್‌ನ ಒಳಗಿನಿಂದಲ್ಲ, ನಿಮ್ಮ ಮನೆಯ ಲ್ಯಾಪ್‌ಟಾಪನ್ನು ಮೊಬೈಲ್ ಹಾಟ್‌ಸ್ಪಾಟ್‌ಗೆ ಹಾಕಿ ಎನ್‌ಮ್ಯಾಪ್ (ತೆರೆದ ಪೋರ್ಟ್‌ಗಳನ್ನು ತೋರಿಸುವ ಸಾಧನ) ಓಡಿಸಿ. ಹೊರಗಿನಿಂದ ನೋಡಿದ್ದೇ ಸತ್ಯ.

ಶೇರ್ಡ್ ಹೋಸ್ಟಿಂಗ್‌ನ ಸಿಪ್ಯಾನೆಲ್‌ನಲ್ಲಿ ‘ರಿಮೋಟ್ ಮೈಎಸ್‌ಕ್ಯೂಎಲ್’ಗೆ % ಹಾಕಬಹುದೇ?

ಬೇಡ. % ಎಂದರೆ ಯಾವ ಐಪಿಯಿಂದಾದರೂ ಬರಬಹುದು. ಪಿಎಚ್‌ಪಿ ಅದೇ ಹೋಸ್ಟಿಂಗ್‌ನಲ್ಲಿ ಇರುವುದರಿಂದ ಅದಕ್ಕೆ ‘ಲೋಕಲ್‌ಹೋಸ್ಟ್’ ಸಾಕು. ಆ ಪಟ್ಟಿ ಖಾಲಿಯೇ ಇರಲಿ. ಡೇಟಾಬೇಸ್ ಪಾಸ್‌ವರ್ಡ್ ಇರುವ ಕಾನ್ಫಿಗ್ ಫೈಲನ್ನು ಪಬ್ಲಿಕ್_ಎಚ್‌ಟಿಎಂಎಲ್ ಫೋಲ್ಡರ್‌ನ ಹೊರಗೆ, ಒಂದು ಮೆಟ್ಟಿಲು ಮೇಲೆ ಇಡಿ. ಅದರ ಹೆಸರಿಗೆ ‘ಬ್ಯಾಕಪ್’, ‘ಓಲ್ಡ್’, ‘ಬಾಕ್’ ಎಂಬ ಬಾಲ ಸೇರಿಸಿ ನಕಲು ಬಿಡಬೇಡಿ. ಕೊನೆಯಲ್ಲಿ ಡಾಟ್ ಪಿಎಚ್‌ಪಿ ಇಲ್ಲದ ಫೈಲನ್ನು ಸರ್ವರ್ ಓಡಿಸುವುದಿಲ್ಲ, ಒಳಗಿರುವುದನ್ನು ಹಾಗೆಯೇ ಡೌನ್‌ಲೋಡ್ ಮಾಡಲು ಕೊಟ್ಟುಬಿಡುತ್ತದೆ.

ಕೀಗಳನ್ನೆಲ್ಲ ಡಾಟ್ ಎನ್ವ್ ಫೈಲ್‌ನಲ್ಲಿ ಇಟ್ಟಿದ್ದೇನೆ. ಅಷ್ಟು ಸಾಕಲ್ಲವೇ?

ಸರ್ವರ್ ಪ್ರೋಗ್ರಾಂಗೆ ಸಾಕು, ಬ್ರೌಸರ್ ಪ್ರೋಗ್ರಾಂಗೆ ಅದರಿಂದ ಯಾವ ರಕ್ಷಣೆಯೂ ಇಲ್ಲ. ವೆಬ್ ಪುಟ ಕಟ್ಟುವ ಸಾಧನಗಳಾದ ವೀಟ್‌ನಲ್ಲಿ ‘ವೀಟ್_’, ನೆಕ್ಸ್ಟ್‌ನಲ್ಲಿ ‘ನೆಕ್ಸ್ಟ್_ಪಬ್ಲಿಕ್_’, ಕ್ರಿಯೇಟ್ ರಿಯಾಕ್ಟ್ ಆ್ಯಪ್‌ನಲ್ಲಿ ‘ರಿಯಾಕ್ಟ್_ಆ್ಯಪ್_’ ಎಂದು ಶುರುವಾಗುವ ಪ್ರತಿ ಮೌಲ್ಯವನ್ನೂ ಬಿಲ್ಡ್ ಆಗುವಾಗ ಜಾವಾಸ್ಕ್ರಿಪ್ಟ್ ಫೈಲಿಗೆ ಅಂಟಿಸಲಾಗುತ್ತದೆ. ಹೆಸರಿನ ಮುಂದೆ ಇದನ್ನು ಸೇರಿಸಿದ ಕೂಡಲೇ ಎರರ್ ಹೋಯಿತು ಎಂದು ಸಮಾಧಾನಪಡುವವರು ಬಹಳ. ಎರರ್ ಹೋದದ್ದು ಕೀ ಜಗತ್ತಿಗೆ ಪ್ರಕಟವಾದ್ದರಿಂದ. ಬಿಲ್ಡ್ ಮುಗಿದ ಮೇಲೆ ಅದರ ಫೋಲ್ಡರ್‌ನಲ್ಲಿ (ವೀಟ್‌ನಲ್ಲಾದರೆ ಡಿಸ್ಟ್) ನಿಮ್ಮ ಕೀಯ ಮೊದಲ ಎಂಟು ಅಕ್ಷರಗಳನ್ನು ಗ್ರೆಪ್ ಕಮಾಂಡ್‌ನಿಂದ ಹುಡುಕಿ. ಸಿಕ್ಕಿದರೆ ಅದು ಗುಟ್ಟಲ್ಲ. ಸೋರ್ಸ್ ಮ್ಯಾಪ್ ಫೈಲ್‌ಗಳು ಸರ್ವರ್‌ಗೆ ಹೋಗಿವೆಯೇ ಎಂದೂ ನೋಡಿ, ಅವು ನಿಮ್ಮ ಮೂಲ ಕೋಡನ್ನೇ ಕಾಮೆಂಟ್‌ಗಳ ಸಮೇತ ಕೊಟ್ಟುಬಿಡುತ್ತವೆ.

ಗಿಟ್‌ಗೆ ಒಮ್ಮೆ ಕೀ ಸೇರಿದ್ದರೆ ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಹಿಂದಿನ ಇತಿಹಾಸದಲ್ಲಿ ಇರುತ್ತದೆ. ಇತಿಹಾಸ ತೊಳೆಯುವುದು ಆಮೇಲಿನ ಮಾತು. ಮೊದಲು ಕೀ ಬದಲಾಯಿಸಿ.

ಫೈರ್‌ಬೇಸ್, ಸೂಪಾಬೇಸ್‌ಗಳಲ್ಲಿ ಬ್ರೌಸರ್ ನೇರವಾಗಿಯೇ ಡೇಟಾಬೇಸ್‌ಗೆ ಮಾತಾಡುತ್ತದಲ್ಲ. ಅದೂ ತಪ್ಪೇ?

ತಪ್ಪಲ್ಲ. ಅಲ್ಲಿ ನಡುವಿನ ಎಪಿಐಯನ್ನು ಆ ಸೇವೆಯೇ ನಡೆಸುತ್ತದೆ, ಯಾರಿಗೆ ಏನು ಎಂಬ ನಿಯಮವನ್ನು ಮಾತ್ರ ನೀವು ಬರೆಯಬೇಕು. ನಿಯಮ ಬರೆಯದೆ ಬಿಟ್ಟರೆ ರಕ್ಷಣೆಯೇ ಇಲ್ಲ, ಅನಾಹುತಗಳೆಲ್ಲ ಅಲ್ಲೇ ಆಗುವುದು.

ಫೈರ್‌ಬೇಸ್‌ನ ವೆಬ್ ಎಪಿಐ ಕೀ ಗುಟ್ಟಿನದಲ್ಲ, ಅದು ಯಾವ ಪ್ರಾಜೆಕ್ಟ್ ಎಂದು ಗುರುತಿಸುತ್ತದೆ ಅಷ್ಟೆ. ಕಾಯುವುದು ಸೆಕ್ಯುರಿಟಿ ರೂಲ್ಸ್. ‘ಟೆಸ್ಟ್ ಮೋಡ್’ನಲ್ಲಿ ಶುರುಮಾಡಿದ ಫೈರ್‌ಸ್ಟೋರ್ (ಫೈರ್‌ಬೇಸ್‌ನ ಡೇಟಾಬೇಸ್) 30 ದಿನ ಎಲ್ಲರಿಗೂ ತೆರೆದಿರುತ್ತದೆ, ಆಮೇಲೆ ಮುಚ್ಚಿಕೊಳ್ಳುತ್ತದೆ. ಆ 31ನೇ ದಿನ ಆ್ಯಪ್ ನಿಂತಾಗ ಗಾಬರಿಯಲ್ಲಿ ರೂಲ್ ಅನ್ನು ‘ಇಫ್ ಟ್ರೂ’ ಮಾಡುವುದು ಅತ್ಯಂತ ಕೆಟ್ಟ ಪರಿಹಾರ. ‘ಲಾಗಿನ್ ಆಗಿದ್ದರೆ ಸಾಕು’ ಎಂಬ ರೂಲ್ ಕೂಡ ಬಹಳ ದುರ್ಬಲ, ಏಕೆಂದರೆ ಗೂಗಲ್ ಖಾತೆ ಇರುವ ಯಾರಾದರೂ ನಿಮ್ಮ ಪುಟದಲ್ಲಿ ಲಾಗಿನ್ ಆಗಬಲ್ಲರು. ಹೋಮ್‌ಸ್ಟೇಯ ಬುಕಿಂಗ್ ಓದುವ ರೂಲ್‌ನಲ್ಲಿ ಆ ದಾಖಲೆಯ ಮಾಲೀಕನ ಯುಐಡಿಯೂ (ಫೈರ್‌ಬೇಸ್ ಕೊಡುವ ಬಳಕೆದಾರ ಗುರುತು, ಆಧಾರ್ ಅಲ್ಲ) ಲಾಗಿನ್ ಆದವರ ಯುಐಡಿಯೂ ಒಂದೇ ಎಂಬ ಷರತ್ತು ಇರಬೇಕು. ಬರೆಯುವ ರೂಲ್‌ನಲ್ಲಿ ಇನ್ನೂ ಬಿಗಿ ಬೇಕು: ದರದ ಫೀಲ್ಡನ್ನು ಅತಿಥಿ ಬದಲಾಯಿಸುವಂತಿರಬಾರದು. ಇಲ್ಲದಿದ್ದರೆ 4,500 ರೂಪಾಯಿಯ ಕೋಣೆಯನ್ನು 1 ರೂಪಾಯಿಗೆ ಬುಕ್ ಮಾಡಬಹುದು, ನಿಮ್ಮ ಪರದೆ 4,500 ಎಂದೇ ತೋರಿಸುತ್ತಿದ್ದರೂ. ದರ, ರಿಯಾಯಿತಿ, ಪಾವತಿಯ ಸ್ಥಿತಿ ಈ ಮೂರನ್ನು ಕ್ಲೌಡ್ ಫಂಕ್ಷನ್‌ನಲ್ಲೇ (ಸರ್ವರ್ ಕಡೆ ಓಡುವ ಕೋಡ್) ಲೆಕ್ಕ ಹಾಕುವುದು ಒಳ್ಳೆಯದು. ಫೈರ್‌ಬೇಸ್‌ನ ಆ್ಯಪ್ ಚೆಕ್ ಹಾಕಿದರೆ ನಕಲಿ ಆ್ಯಪ್‌ಗಳ ಕಾಟ ಕಡಿಮೆಯಾಗುತ್ತದೆ, ಆದರೆ ಅದು ರೂಲ್ಸ್‌ಗೆ ಬದಲಿಯಲ್ಲ.

ಪೋಸ್ಟ್‌ಗ್ರೆಸ್ ಮೇಲೆ ಕಟ್ಟಿದ ಸೂಪಾಬೇಸ್‌ನಲ್ಲಿ ಎರಡು ಬಗೆಯ ಕೀಗಳಿವೆ. ಬ್ರೌಸರ್‌ಗೆ ಕೊಡಬಹುದಾದದ್ದು ಅನಾನ್ ಕೀ, ಹೊಸ ಪ್ರಾಜೆಕ್ಟ್‌ಗಳಲ್ಲಿ ಇದಕ್ಕೆ ಪಬ್ಲಿಷಬಲ್ ಕೀ ಎನ್ನುತ್ತಾರೆ. ಸರ್ವಿಸ್ ರೋಲ್ ಕೀ ಎಲ್ಲ ನಿಯಮಗಳನ್ನೂ ದಾಟಿ ಹೋಗುತ್ತದೆ. ಅದು ಬ್ರೌಸರ್ ಅಥವಾ ಆ್ಯಪ್‌ನಲ್ಲಿ ಕಂಡರೆ ಡೇಟಾಬೇಸ್ ಪೂರ್ತಿ ಹೋಯಿತೆಂದೇ ತಿಳಿಯಿರಿ. ಇಲ್ಲಿ ಕಾಯುವುದು ಪೋಸ್ಟ್‌ಗ್ರೆಸ್‌ನ ರೋ ಲೆವೆಲ್ ಸೆಕ್ಯುರಿಟಿ, ಅಂದರೆ ಯಾವ ಸಾಲು ಯಾರಿಗೆ ಎಂದು ಪಾಲಿಸಿ (ನಿಯಮ) ಬರೆಯುವ ವ್ಯವಸ್ಥೆ. ಇದು ಪೋಸ್ಟ್‌ಗ್ರೆಸ್ 9.5ನೇ ಆವೃತ್ತಿಯಿಂದ ಇದೆ. ಗಮನಿಸಬೇಕಾದ ಅಂಶಗಳು ಹಲವು:

ಸೂಪಾಬೇಸ್‌ನ ಟೇಬಲ್ ಎಡಿಟರ್‌ನಲ್ಲಿ ಮಾಡಿದ ಟೇಬಲ್‌ಗೆ ಇದು ತಾನಾಗಿ ಆನ್ ಆಗುತ್ತದೆ. ಎಸ್‌ಕ್ಯೂಎಲ್ ಬರೆದು ಮಾಡಿದ ಟೇಬಲ್‌ಗೆ ನೀವೇ ಆನ್ ಮಾಡಬೇಕು, ಮರೆಯುವುದು ಇಲ್ಲೇ. ಆನ್ ಮಾಡಿ ಪಾಲಿಸಿ ಬರೆಯದಿದ್ದರೆ ಒಂದು ಸಾಲೂ ಕಾಣುವುದಿಲ್ಲ. ಅದು ದೋಷವಲ್ಲ, ಸುರಕ್ಷಿತ ಆರಂಭ.

‘ಯೂಸಿಂಗ್’ ಷರತ್ತು ಈಗಾಗಲೇ ಇರುವ ಸಾಲುಗಳಲ್ಲಿ ಯಾವುದನ್ನು ಮುಟ್ಟಬಹುದು ಎಂದು ಹೇಳುತ್ತದೆ, ‘ವಿತ್ ಚೆಕ್’ ಹೊಸದಾಗಿ ಬರೆಯುವ ಸಾಲು ಹೇಗಿರಬೇಕು ಎಂದು. ಇನ್‌ಸರ್ಟ್‌ಗೆ ಎರಡನೆಯದು ಮಾತ್ರ ಅನ್ವಯಿಸುತ್ತದೆ. ಅದನ್ನು ‘ಟ್ರೂ’ ಎಂದು ಬಿಟ್ಟರೆ ಒಬ್ಬ ಇನ್ನೊಬ್ಬನ ಹೆಸರಿನಲ್ಲಿ ದಾಖಲೆ ಸೇರಿಸಬಹುದು.

ವ್ಯೂಗಳು (ಹೆಸರಿಟ್ಟು ಉಳಿಸಿದ ಕ್ವೆರಿಗಳು) ಸಾಮಾನ್ಯವಾಗಿ ಅದನ್ನು ಮಾಡಿದ ಮಾಲೀಕನ ಹಕ್ಕಿನಲ್ಲಿ ಓಡುತ್ತವೆ, ಅಂದರೆ ಟೇಬಲ್‌ಗೆ ಹಾಕಿದ ಪಾಲಿಸಿಗಳನ್ನು ದಾಟಿಬಿಡುತ್ತವೆ. ಪೋಸ್ಟ್‌ಗ್ರೆಸ್ 15ರಿಂದ ‘ಸೆಕ್ಯುರಿಟಿ_ಇನ್‌ವೋಕರ್’ ಆಯ್ಕೆ ಬಂದಿದೆ, ಅದನ್ನು ಹಾಕಿ. ‘ಅಡ್ಮಿನ್’ ಎಂಬ ಗುರುತನ್ನು ಯೂಸರ್ ಮೆಟಾಡೇಟಾದಲ್ಲಿ ಇಡಬೇಡಿ. ಅದನ್ನು ಬಳಕೆದಾರ ತಾನೇ ಬದಲಾಯಿಸಬಲ್ಲ. ಆ್ಯಪ್ ಮೆಟಾಡೇಟಾದಲ್ಲಿ ಅಥವಾ ಬೇರೆ ಟೇಬಲ್‌ನಲ್ಲಿ ಇಡಿ. ಪಾಲಿಸಿಯಲ್ಲಿ ಬರುವ ಯೂಸರ್ ಐಡಿ ಕಾಲಂಗೆ ಇಂಡೆಕ್ಸ್ ಹಾಕದಿದ್ದರೆ ಸಾಲುಗಳು ಹೆಚ್ಚಾದಂತೆ ಪುಟ ನಿಧಾನವಾಗುತ್ತದೆ, ಆಗ ‘ಪಾಲಿಸಿ ತೆಗೆದರೆ ಫಾಸ್ಟ್ ಆಗುತ್ತೆ’ ಎಂಬ ಕೆಟ್ಟ ಆಸೆ ಹುಟ್ಟುತ್ತದೆ.

ನಾನೇ ಬರೆದ ಎಪಿಐ ಇದೆ, ಅದರಲ್ಲೂ ರೋ ಲೆವೆಲ್ ಸೆಕ್ಯುರಿಟಿ ಬಳಸಬಹುದೇ?

ಬಳಸಬಹುದು, ಆದರೆ ಎಪಿಐ ಟೇಬಲ್‌ನ ಮಾಲೀಕನಾಗಿ ಕನೆಕ್ಟ್ ಆದರೆ ಪಾಲಿಸಿಗಳು ಅನ್ವಯಿಸುವುದೇ ಇಲ್ಲ. ಬೇರೆ ರೋಲ್ ಮಾಡಿ ಅಥವಾ ‘ಫೋರ್ಸ್’ ಹಾಕಿ. ಕನೆಕ್ಷನ್‌ಗಳನ್ನು ಹಂಚಿಕೊಡುವ ಪಿಜಿಬೌನ್ಸರ್ ಟ್ರಾನ್ಸಾಕ್ಷನ್ ಮೋಡ್‌ನಲ್ಲಿದ್ದರೆ ಬಳಕೆದಾರನ ಐಡಿಯನ್ನು ‘ಸೆಟ್ ಲೋಕಲ್’ನಿಂದ ಟ್ರಾನ್ಸಾಕ್ಷನ್ ಒಳಗೇ ಇಡಿ. ಬರೀ ‘ಸೆಟ್’ ಹಾಕಿದರೆ ಒಬ್ಬರ ಗುರುತು ಕನೆಕ್ಷನ್‌ಗೆ ಅಂಟಿಕೊಂಡು ಮುಂದಿನವರಿಗೆ ಹೋಗುತ್ತದೆ.

ಲಾಗಿನ್ ಹಾಕಿದ್ದೇನೆ. ಇನ್ನೇನು ಬಾಕಿ?

ಹೆಚ್ಚಿನ ಸೋರಿಕೆ ಇರುವುದೇ ಲಾಗಿನ್‌ನ ಆಚೆ. ವೆಬ್ ಸುರಕ್ಷತೆಯ ಒವಾಸ್ಪ್ ಸಂಸ್ಥೆಯ 2021ರ ದೋಷಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದದ್ದು ಹಕ್ಕಿನ ಪರಿಶೀಲನೆಯ ವೈಫಲ್ಯ. 2023ರ ಎಪಿಐ ಪಟ್ಟಿಯಲ್ಲೂ ಇದೇ ಜಾತಿಯ ದೋಷ ಮೊದಲಿದೆ.

ಹೋಮ್‌ಸ್ಟೇ ಪುಟದಲ್ಲಿ ಅತಿಥಿಯೊಬ್ಬರು ತಮ್ಮ ಬುಕಿಂಗ್ ನೋಡುತ್ತಾರೆ, ವಿಳಾಸದ ಕೊನೆಯಲ್ಲಿ 1041 ಎಂದಿದೆ. ಅದನ್ನು 1042 ಮಾಡಿದರೆ ಬೇರೊಬ್ಬರ ಹೆಸರು, ಫೋನು, ಗುರುತಿನ ಚೀಟಿಯ ಚಿತ್ರ ಕಾಣುತ್ತದೆ. ಸರ್ವರ್ ‘ಇವರು ಲಾಗಿನ್ ಆಗಿದ್ದಾರೆಯೇ’ ಎಂದು ಕೇಳಿತು, ‘1042 ಇವರದೇ’ ಎಂದು ಕೇಳಲಿಲ್ಲ. ಸರಿಪಡಿಸುವ ಬಗೆ ಸರಳ: ಕ್ವೆರಿಯ ‘ವೇರ್’ ಭಾಗದಲ್ಲಿ ಬುಕಿಂಗ್ ಸಂಖ್ಯೆಯ ಜೊತೆಗೆ ಬಳಕೆದಾರನ ಐಡಿಯೂ ಇರಬೇಕು. ಆ ಐಡಿ ಟೋಕನ್‌ನಿಂದ ಬರಬೇಕೇ ಹೊರತು ಬ್ರೌಸರ್ ಕಳಿಸಿದ ಫಾರಂನಿಂದಲ್ಲ. ಸಾಲು ಸಿಗದಿದ್ದರೆ 404 (ಸಿಗಲಿಲ್ಲ) ಕೊಡಿ. 403 (ಹಕ್ಕಿಲ್ಲ) ಕೊಟ್ಟರೆ ಆ ಸಂಖ್ಯೆಯ ಬುಕಿಂಗ್ ಇದೆ ಎಂದು ನೀವೇ ಹೇಳಿದಂತೆ. ಸಂಖ್ಯೆಯ ಬದಲು ಯುಯುಐಡಿ (ಬೇರೆಲ್ಲೂ ಬಾರದ ಉದ್ದನೆಯ ಗುರುತು) ಹಾಕಿದರೆ ಊಹಿಸುವುದು ಕಷ್ಟವಾಗುತ್ತದೆ ನಿಜ, ಆದರೆ ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಆದ ಲಿಂಕ್‌ಗೆ ಅದರಿಂದ ರಕ್ಷಣೆ ಇಲ್ಲ.

ಇದರ ಸೋದರ ದೋಷ ಇನ್ನೊಂದಿದೆ. ಪ್ರೊಫೈಲ್ ಬದಲಾಯಿಸುವಾಗ ಬಂದ ಜೇಸನ್ ಅನ್ನು ಹಾಗೆಯೇ ಅಪ್‌ಡೇಟ್‌ಗೆ ಕೊಟ್ಟರೆ, ಯಾರಾದರೂ ಅದರಲ್ಲಿ ‘ರೋಲ್: ಅಡ್ಮಿನ್’ ಎಂದು ಸೇರಿಸಿ ಕಳಿಸಬಹುದು. ಯಾವ ಫೀಲ್ಡ್‌ಗಳನ್ನು ಬದಲಾಯಿಸಬಹುದು ಎಂಬ ಪಟ್ಟಿ ಸರ್ವರ್‌ನಲ್ಲಿರಬೇಕು. ಅಡ್ಮಿನ್ ಬಟನನ್ನು ಪರದೆಯಿಂದ ಮರೆಮಾಡುವುದು ಚಂದಕ್ಕೆ ಮಾತ್ರ.

ಎಸ್‌ಕ್ಯೂಎಲ್ ಇಂಜೆಕ್ಷನ್ (ಬಳಕೆದಾರ ಬರೆದ ಪಠ್ಯ ಕ್ವೆರಿಯ ಭಾಗವಾಗಿ ಓಡುವ ದೋಷ) ಈಗಲೂ ಇದೆಯೇ?

ಇದೆ. ನಿಮ್ಮ ಕೋಡ್‌ನಲ್ಲಿ ಇದೆಯೇ ಎಂದು ತಿಳಿಯಲು ಮೂಡಿಗೆರೆ, ಚಿಕ್ಕಮಗಳೂರಿನ ಗ್ರಾಹಕರ ಪಟ್ಟಿಯೇ ಸಾಕು: ಡಿಸೋಜ ಎಂಬ ಹೆಸರನ್ನು ಇಂಗ್ಲಿಷ್‌ನಲ್ಲಿ ಡಿ ಆದ ಮೇಲೆ ಮೇಲ್ಕೊಮೆ (ಅಪಾಸ್ಟ್ರಫಿ) ಹಾಕಿ ಟೈಪ್ ಮಾಡಿ. ‘ಸಿಂಟ್ಯಾಕ್ಸ್ ಎರರ್’ ಬಂದರೆ ನಿಮ್ಮ ಕ್ವೆರಿಯನ್ನು ಪಠ್ಯ ಜೋಡಿಸಿ ಕಟ್ಟಲಾಗಿದೆ ಎಂದರ್ಥ. ಆ ಮೇಲ್ಕೊಮೆಯನ್ನು ಅಳಿಸುವುದು ಪರಿಹಾರವಲ್ಲ, ಜನರ ಹೆಸರು ಕೆಡಿಸುವುದಷ್ಟೆ. ಪಿಎಚ್‌ಪಿಯಲ್ಲಿ ಪಿಡಿಒ ಪ್ರಿಪೇರ್, ನೋಡ್‌ನಲ್ಲಿ ಡಾಲರ್ 1, ಡಾಲರ್ 2 ಗುರುತುಗಳು, ಪೈಥಾನ್‌ನಲ್ಲಿ ಪ್ಯಾರಾಮೀಟರ್ ಟ್ಯೂಪಲ್ ಬಳಸಿದರೆ ಮೌಲ್ಯವು ಕ್ವೆರಿಯ ಭಾಗವಾಗಿ ಓಡುವುದಿಲ್ಲ. ಕನ್ನಡದಲ್ಲಿ ಬರೆದ ಹೆಸರುಗಳೂ ಯಾವ ತಡೆಯಿಲ್ಲದೆ ಸೇರುತ್ತವೆ.

ಪ್ಯಾರಾಮೀಟರ್ ಹಾಕಲಾಗದ ಜಾಗ ಒಂದಿದೆ: ಟೇಬಲ್ ಮತ್ತು ಕಾಲಂಗಳ ಹೆಸರು. ‘ಆರ್ಡರ್ ಬೈ’ಗೆ ಬ್ರೌಸರ್ ಕಳಿಸಿದ ಪದವನ್ನು ನೇರ ಹಾಕದೆ, ದಿನಾಂಕ, ತೂಕ, ಹೆಸರು ಎಂಬ ನಿಮ್ಮ ಪಟ್ಟಿಯಲ್ಲಿ ಇದ್ದರೆ ಮಾತ್ರ ಹಾಕಿ. ಮಾಂಗೊದಲ್ಲಿ ಪಾಸ್‌ವರ್ಡ್ ಜಾಗಕ್ಕೆ ಪಠ್ಯದ ಬದಲು ‘ಇದಕ್ಕೆ ಸಮವಲ್ಲದ್ದು’ ಎಂಬ ಆಬ್ಜೆಕ್ಟ್ ಕಳಿಸಿ ಒಳನುಗ್ಗುವ ದಾರಿ ಇದೆ, ಬಂದದ್ದು ಪಠ್ಯವೇ ಎಂದು ಮೊದಲು ನೋಡಿ.

ಸಿಒಆರ್‌ಎಸ್‌ನಲ್ಲಿ (ಯಾವ ವೆಬ್‌ಸೈಟ್‌ನ ಪುಟ ಎಪಿಐ ಬಳಸಬಹುದು ಎಂಬ ಸೆಟ್ಟಿಂಗ್) ನನ್ನ ಡೊಮೇನ್ ಮಾತ್ರ ಬಿಟ್ಟಿದ್ದೇನೆ. ಬೇರೆಯವರು ಎಪಿಐ ಕರೆಯಲಾರರು ತಾನೆ?

ಕರೆಯಬಲ್ಲರು. ಅದು ಬ್ರೌಸರ್ ಪಾಲಿಸುವ ನಿಯಮ. ಬ್ರೌಸರ್ ಇಲ್ಲದೆಯೇ ಎಪಿಐ ಕರೆಯುವ ಕರ್ಲ್, ಪೋಸ್ಟ್‌ಮ್ಯಾನ್, ಒಂದು ಪೈಥಾನ್ ಸ್ಕ್ರಿಪ್ಟ್ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ.

ಟೋಕನ್ ಎಲ್ಲಿಡಬೇಕು? ಪಾಸ್‌ವರ್ಡ್ ಹೇಗೆ ಉಳಿಸಬೇಕು?

ವೆಬ್‌ನಲ್ಲಾದರೆ ಎಚ್‌ಟಿಟಿಪಿಓನ್ಲಿ, ಸೆಕ್ಯೂರ್, ಸೇಮ್‌ಸೈಟ್ ಗುರುತುಗಳಿರುವ ಕುಕೀಯಲ್ಲಿ. ಲೋಕಲ್‌ಸ್ಟೋರೇಜ್‌ನಲ್ಲಿಟ್ಟರೆ ಪುಟಕ್ಕೆ ನುಸುಳಿದ ಯಾವ ಸ್ಕ್ರಿಪ್ಟ್ ಆದರೂ ಓದುತ್ತದೆ. ಆಂಡ್ರಾಯ್ಡ್‌ನಲ್ಲಾದರೆ ಕೀಸ್ಟೋರ್‌ನ ಕೀಯಿಂದ ಎನ್‌ಕ್ರಿಪ್ಟ್ ಮಾಡಿ ಇಡಿ. ಆ್ಯಕ್ಸೆಸ್ ಟೋಕನ್ 15 ನಿಮಿಷದ್ದಾಗಿರಲಿ, ಹೊಸದನ್ನು ಪಡೆಯಲು ಬಳಸುವ ರಿಫ್ರೆಶ್ ಟೋಕನನ್ನು ಸರ್ವರ್‌ನಿಂದ ರದ್ದು ಮಾಡುವ ದಾರಿ ಇರಲಿ. ಜೆಡಬ್ಲ್ಯೂಟಿ ಬಗೆಯ ಟೋಕನ್‌ನ ಒಳಗಿನ ಮಾಹಿತಿ ಎನ್‌ಕ್ರಿಪ್ಟ್ ಆಗಿರುವುದಿಲ್ಲ, ಯಾರು ಬೇಕಾದರೂ ಓದಬಹುದು. ಬ್ಯಾಂಕ್ ಖಾತೆ ಸಂಖ್ಯೆಯಂಥದ್ದನ್ನು ಅಲ್ಲಿ ಹಾಕಬೇಡಿ.

ಪಾಸ್‌ವರ್ಡನ್ನು ಆರ್ಗಾನ್2ಐಡಿ ಅಥವಾ ಬಿಕ್ರಿಪ್ಟ್‌ನಲ್ಲಿ ಹ್ಯಾಶ್ ಮಾಡಿ (ಮತ್ತೆ ಬಿಡಿಸಲಾಗದ ರೂಪಕ್ಕೆ ತನ್ನಿ). ಒವಾಸ್ಪ್ ಆರ್ಗಾನ್2ಐಡಿಗೆ 19 ಮೆಬಿಬೈಟ್ ಮೆಮೊರಿ, 2 ಸುತ್ತು, 1 ಪ್ಯಾರಲೆಲ್ ಎಂಬ ಕನಿಷ್ಠ ಅಳತೆ ಕೊಟ್ಟಿದೆ, ಬಿಕ್ರಿಪ್ಟ್‌ನ ವರ್ಕ್ ಫ್ಯಾಕ್ಟರ್‌ಗೆ ಕನಿಷ್ಠ 10. ಬಿಕ್ರಿಪ್ಟ್ 72 ಬೈಟ್‌ಗಳನ್ನು ಮಾತ್ರ ನೋಡುತ್ತದೆ ಎಂಬುದು ಕನ್ನಡಿಗರಿಗೆ ವಿಶೇಷವಾಗಿ ಮುಖ್ಯ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್, ಒತ್ತು ಮತ್ತು ಸ್ವರಚಿಹ್ನೆಗಳೂ ಪ್ರತ್ಯೇಕ ಸಂಕೇತಗಳೇ. ಅಂದರೆ 24 ಸಂಕೇತಗಳಿಗೆ ಮಿತಿ ಮುಗಿಯುತ್ತದೆ. ಕನ್ನಡ ವಾಕ್ಯವನ್ನೇ ಪಾಸ್‌ವರ್ಡ್ ಮಾಡಲು ಬಿಡುವುದಾದರೆ, ಬಿಡುವುದು ಒಳ್ಳೆಯದೇ, ಆರ್ಗಾನ್2ಐಡಿ ಆರಿಸಿ.

ಡೇಟಾಬೇಸ್‌ಗೆ ಎಷ್ಟು ಯೂಸರ್‌ಗಳನ್ನು ಮಾಡಬೇಕು?

ಕನಿಷ್ಠ ಮೂರು. ಟೇಬಲ್ ರಚಿಸಿ ಬದಲಾಯಿಸಲು ಒಬ್ಬ, ಎಪಿಐಗೆ ಬೇಕಾದ ಟೇಬಲ್‌ಗಳಲ್ಲಿ ಓದು ಬರಹದ ಹಕ್ಕು ಮಾತ್ರ ಇರುವ ಒಬ್ಬ, ವರದಿಗೆ ಓದಲು ಮಾತ್ರ ಒಬ್ಬ. ಎಪಿಐ ಬೇರೆ ಯಂತ್ರದಲ್ಲಿದ್ದರೆ ಪೋಸ್ಟ್‌ಗ್ರೆಸ್ ಕನೆಕ್ಷನ್‌ನಲ್ಲಿ ಎಸ್‌ಎಸ್‌ಎಲ್‌ಮೋಡ್ ‘ವೆರಿಫೈ-ಫುಲ್’ ಇರಲಿ. ‘ರಿಕ್ವೈರ್’ ಎನ್ನುವುದು ದಾರಿಯನ್ನು ಎನ್‌ಕ್ರಿಪ್ಟ್ ಮಾಡಿದರೂ ಆ ತುದಿಯಲ್ಲಿರುವುದು ನಿಮ್ಮದೇ ಸರ್ವರ್ ಎಂದು ಖಾತರಿ ಮಾಡುವುದಿಲ್ಲ. ಚಿಕ್ಕ ವಿಪಿಎಸ್‌ಗೆ ಪೂಲ್‌ನಲ್ಲಿ 10 ಕನೆಕ್ಷನ್ ಧಾರಾಳ.

ತೋಟದಲ್ಲಿ ನೆಟ್‌ವರ್ಕೇ ಇಲ್ಲ. ಎಪಿಐ ಇಟ್ಟುಕೊಂಡು ತೂಕ ಬರೆಯುವುದು ಹೇಗೆ?

ಫೋನಿನಲ್ಲೇ ಎಸ್‌ಕ್ಯೂಲೈಟ್ ಎಂಬ ಚಿಕ್ಕ ಡೇಟಾಬೇಸ್‌ನಲ್ಲಿ ಬರೆದು, ಸಿಗ್ನಲ್ ಸಿಕ್ಕಾಗ ಎಪಿಐಗೆ ಕಳಿಸಬೇಕು. ಆಂಡ್ರಾಯ್ಡ್‌ನ ವರ್ಕ್‌ಮ್ಯಾನೇಜರ್‌ಗೆ ‘ನೆಟ್‌ವರ್ಕ್ ಇದ್ದಾಗ ಮಾತ್ರ’ ಎಂಬ ಷರತ್ತು ಕೊಟ್ಟರೆ ಅದೇ ನೋಡಿಕೊಳ್ಳುತ್ತದೆ. ಇಲ್ಲಿ ಕಳ್ಳರಿಗಿಂತ ಮೊದಲು ಕಾಡುವುದು ಎರಡೆರಡು ಸಲ ಸೇರುವ ದಾಖಲೆ. ಸಂಜೆ ಕಣದ ಹತ್ತಿರ ಮೇಸ್ತ್ರಿ ತೂಕ ಕಳಿಸುತ್ತಾರೆ, ಸರ್ವರ್ ಬರೆದುಕೊಳ್ಳುತ್ತದೆ, ಉತ್ತರ ಬರುವಷ್ಟರಲ್ಲಿ ಸಿಗ್ನಲ್ ಹೋಗುತ್ತದೆ. ಫೋನು ಮತ್ತೆ ಕಳಿಸುತ್ತದೆ. 62 ಕೆಜಿ ಹಣ್ಣು ಕೊಯ್ದವರ ಹೆಸರಿನಲ್ಲಿ 124 ಕೆಜಿ ಕೂರುತ್ತದೆ, ಬಟವಾಡೆ ದಿನ ಜಗಳ.

ಅದಕ್ಕೆ ಪ್ರತಿ ತೂಕಕ್ಕೂ ಬರೆಯುವ ಕ್ಷಣದಲ್ಲೇ ಫೋನು ಒಂದು ಯುಯುಐಡಿ ಹುಟ್ಟಿಸಬೇಕು, ಸರ್ವರ್‌ನ ಟೇಬಲ್‌ನಲ್ಲಿ ಆ ಕಾಲಂ ಯೂನಿಕ್ ಆಗಿರಬೇಕು, ಇನ್‌ಸರ್ಟ್‌ಗೆ ‘ಆನ್ ಕಾನ್‌ಫ್ಲಿಕ್ಟ್ ಡೂ ನಥಿಂಗ್’ ಸೇರಿಸಬೇಕು. ಎರಡನೇ ಸಲ ಬಂದದ್ದಕ್ಕೂ ಯಶಸ್ಸಿನ ಉತ್ತರವನ್ನೇ ಕೊಡಿ, ಇಲ್ಲದಿದ್ದರೆ ಫೋನು ಕಳಿಸುತ್ತಲೇ ಇರುತ್ತದೆ. ಫೋನಿನ ಗಡಿಯಾರ ತಪ್ಪಿರಬಹುದು, ಹಾಗಾಗಿ ಫೋನಿನ ಸಮಯ, ಸರ್ವರ್ ಸಮಯ ಎರಡನ್ನೂ ಬೇರೆ ಕಾಲಂಗಳಲ್ಲಿ ಇಡಿ. ತಪ್ಪು ತೂಕವನ್ನು ತಿದ್ದುವ ಹಕ್ಕನ್ನು ಎಪಿಐ ರೋಲ್‌ಗೆ ಕೊಡಲೇಬೇಡಿ. ಕಾರಣ ಬರೆದು ಮೈನಸ್ ತೂಕದ ಹೊಸ ಸಾಲು ಸೇರಿಸುವಂತೆ ಮಾಡಿ. ಕೂಲಿಯವರ ದುಡಿಮೆಯ ಲೆಕ್ಕ ಇದು, ಯಾರು ಯಾವಾಗ ಏನು ಬದಲಿಸಿದರು ಎಂಬುದು ಅಳಿಯಬಾರದು.

ಫೋನು ಕಳೆದರೂ ನಷ್ಟ ಚಿಕ್ಕದಾಗಿರಬೇಕು. ತೂಕ ಬರೆಯುವವರಿಗೆ ಚೆಕ್‌ರೋಲ್ (ತೋಟದ ಹಾಜರಿ ಪಟ್ಟಿ) ನಂಬರ್ ಮತ್ತು ಹೆಸರು ಸಾಕು, ಬ್ಯಾಂಕ್ ಖಾತೆ, ಆಧಾರ್ ಆ ಫೋನಿಗೆ ಬರಲೇಬಾರದು. ಲೋಕಲ್ ಫೈಲನ್ನು ಎಸ್‌ಕ್ಯೂಎಲ್‌ಸೈಫರ್‌ನಿಂದ ಎನ್‌ಕ್ರಿಪ್ಟ್ ಮಾಡಿ, ಮ್ಯಾನಿಫೆಸ್ಟ್‌ನಲ್ಲಿ ಬ್ಯಾಕಪ್ ಆಫ್ ಮಾಡಿ, ಸರ್ವರ್ ಒಪ್ಪಿಕೊಂಡ ಹಳೆಯ ದಾಖಲೆಗಳನ್ನು ವಾರಕ್ಕೊಮ್ಮೆ ಫೋನಿನಿಂದ ತೆಗೆಯಿರಿ. ಪ್ರತಿ ಫೋನಿಗೂ ಬೇರೆ ಟೋಕನ್ ಇದ್ದರೆ ಕಳೆದದ್ದನ್ನು ಮಾತ್ರ ರದ್ದು ಮಾಡಬಹುದು.

ಹಾಸನದ ಅಂಗಡಿಯಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಇದೆ. ಅರಸೀಕೆರೆಯ ಶಾಖೆಯಿಂದ ಅದೇ ಎಸ್‌ಕ್ಯೂಎಲ್ ಸರ್ವರ್‌ಗೆ ಸೇರಲು ರೂಟರ್‌ನಲ್ಲಿ ಅದರ 1433ನೇ ಪೋರ್ಟ್ ಫಾರ್ವರ್ಡ್ ಮಾಡಬಹುದೇ?

ಮಾಡಬೇಡಿ, ಅದರಲ್ಲೂ ‘ಎಸ್‌ಎ’ ಎಂಬ ಅಡ್ಮಿನ್ ಖಾತೆ ಚಾಲೂ ಇದ್ದರೆ. ಆ ಖಾತೆಯ ಪಾಸ್‌ವರ್ಡ್ ಊಹಿಸುವ ಪ್ರಯತ್ನ ಅದೇ ದಿನ ಶುರುವಾಗುತ್ತದೆ. ಹಳೆಯ ಸಾಫ್ಟ್‌ವೇರ್‌ಗೆ ಎಪಿಐ ಬರೆಯಲಾಗದಿದ್ದರೆ ಎರಡೂ ಕಡೆ ವೈರ್‌ಗಾರ್ಡ್ ಎಂಬ ವಿಪಿಎನ್ (ಎರಡು ಜಾಗಗಳ ನಡುವಿನ ಖಾಸಗಿ ದಾರಿ) ಹಾಕಿ. ಅದರ ಸಾಮಾನ್ಯ ಪೋರ್ಟ್ ಯುಡಿಪಿ 51820. ಸರಿಯಾದ ಕೀ ಇಲ್ಲದ ಪ್ಯಾಕೆಟ್‌ಗೆ ಅದು ಉತ್ತರವನ್ನೇ ಕೊಡುವುದಿಲ್ಲ. ಬ್ರಾಡ್‌ಬ್ಯಾಂಡ್‌ನಲ್ಲಿ ಸ್ವಂತ ಪಬ್ಲಿಕ್ ಐಪಿ ಸಿಗದಿದ್ದರೆ ಒಂದು ಚಿಕ್ಕ ವಿಪಿಎಸ್ ಅನ್ನು ನಡುವಿನ ಕೂಡುದಾಣ ಮಾಡಿ, ಎರಡೂ ತುದಿಯಲ್ಲಿ ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಸೆಕೆಂಡ್ ಇಡಿ. ಆಮೇಲೆ ಎಸ್‌ಕ್ಯೂಎಲ್ ಸರ್ವರ್‌ಗೆ ವೈರ್‌ಗಾರ್ಡ್‌ನ ವಿಳಾಸಗಳಿಂದ ಮಾತ್ರ ಬರುವಂತೆ ವಿಂಡೋಸ್ ಫೈರ್‌ವಾಲ್ ನಿಯಮ ಹಾಕಿ.

ಅತಿಥಿಗಳ ಆಧಾರ್ ಪ್ರತಿ ಉಳಿಸುತ್ತೇವೆ. ಕಾನೂನು ಏನು ಹೇಳುತ್ತದೆ?

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ತಕ್ಕ ಸುರಕ್ಷತಾ ಕ್ರಮ ಕೈಗೊಳ್ಳದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ತೀರಾ ಬೇಕಾದ್ದನ್ನು ಮಾತ್ರ ಪಡೆಯಿರಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಕೇಳಿ, ಎಷ್ಟು ದಿನದ ನಂತರ ಅಳಿಸುತ್ತೀರಿ ಎಂದು ನಿರ್ಧರಿಸಿ ಅಳಿಸಿ. ಚಿತ್ರಗಳು ಪಬ್ಲಿಕ್ ಫೋಲ್ಡರ್‌ನಲ್ಲಿ ಬೇಡ. ಖಾಸಗಿ ಬಕೆಟ್‌ನಲ್ಲಿಟ್ಟು ಐದು ನಿಮಿಷ ಬಾಳುವ ಸೈನ್ಡ್ ಲಿಂಕ್ ಕೊಡಿ.

ಆ್ಯಪ್ ಒಪ್ಪಿಸುವ ಮೊದಲು ಏನೇನು ಪರೀಕ್ಷಿಸಬೇಕು?

ಎರಡು ಬೇರೆ ಖಾತೆ ಮಾಡಿ, ಒಂದರ ಟೋಕನ್‌ನಿಂದ ಇನ್ನೊಂದರ ಪ್ರತಿ ದಾಖಲೆಯನ್ನೂ ಓದಲು, ಬದಲಿಸಲು, ಅಳಿಸಲು ನೋಡಿ. ಟೋಕನ್ ಇಲ್ಲದೆ ಪ್ರತಿ ಎಪಿಐ ವಿಳಾಸವನ್ನೂ ಕರ್ಲ್‌ನಿಂದ ಕರೆಯಿರಿ. ತಪ್ಪು ಪಾಸ್‌ವರ್ಡನ್ನು ಮೇಲಿಂದ ಮೇಲೆ ಇಪ್ಪತ್ತು ಸಲ ಕೊಡಿ, 429 (ಪ್ರಯತ್ನ ಅತಿಯಾಯಿತು) ಎಂಬ ಉತ್ತರ ಬರಬೇಕು. ಸ್ವಂತ ಎಪಿಕೆಯನ್ನು ಜಾಡೆಕ್ಸ್‌ನಲ್ಲಿ ತೆರೆದು ‘ಪಾಸ್’, ‘ಸೀಕ್ರೆಟ್’, ‘ಕೀ’ ಎಂದು ಹುಡುಕಿ. ಪಿಜಿ_ಡಂಪ್ ಕಮಾಂಡ್‌ನಿಂದ ತೆಗೆದ ಬ್ಯಾಕಪನ್ನು ಬೇರೆ ಯಂತ್ರದಲ್ಲಿ ರಿಸ್ಟೋರ್ ಮಾಡಿ ಸಾಲುಗಳನ್ನು ಎಣಿಸಿ.

ಪಾಸ್‌ವರ್ಡ್ ಈಗಾಗಲೇ ಆ್ಯಪ್‌ನಲ್ಲಿ ಹೊರಗೆ ಹೋಗಿದೆ. ಮೊದಲು ಏನು ಮಾಡಲಿ?

ಮೊದಲು ಬ್ಯಾಕಪ್ ತೆಗೆದು ಬೇರೆ ಕಡೆ ಇಡಿ, ಲಾಗ್‌ಗಳನ್ನು ನಕಲು ಮಾಡಿ. ಆ ಕೂಡಲೇ ಸೋರಿದ ಯೂಸರ್‌ನ ಅಳಿಸುವ ಮತ್ತು ಟೇಬಲ್ ಬದಲಿಸುವ ಹಕ್ಕುಗಳನ್ನು ಕಿತ್ತುಹಾಕಿ. ಹಳೆಯ ಆ್ಯಪ್ ಸದ್ಯಕ್ಕೆ ಓಡುತ್ತಿರಲಿ, ಅನಾಹುತದ ಅಳತೆ ಕುಗ್ಗುತ್ತದೆ. ದತ್ತಾಂಶ ಈಗಾಗಲೇ ಕಳುವಾಗುತ್ತಿರುವ ಸುಳಿವು ಇದ್ದರೆ ಮಾತ್ರ ಕಾಯಬೇಡಿ, ಪೋರ್ಟನ್ನೇ ಮುಚ್ಚಿ, ಆ್ಯಪ್ ನಿಂತರೂ ಸರಿ. ನಂತರ ಎಪಿಐ ಬರೆದು ಹೊಸ ಆವೃತ್ತಿ ಬಿಡಿ. ಬಳಕೆದಾರರೆಲ್ಲ ಹೊಸದಕ್ಕೆ ಬಂದ ಮೇಲೆ ಹಳೆಯ ಯೂಸರನ್ನು ಅಳಿಸಿ, ಪೋರ್ಟ್ ಮುಚ್ಚಿ, ಹೊರಗಿನಿಂದ ಎನ್‌ಮ್ಯಾಪ್‌ನಲ್ಲಿ ಖಾತರಿ ಮಾಡಿಕೊಳ್ಳಿ. ಅದೇ ಪಾಸ್‌ವರ್ಡ್ ಇಮೇಲ್‌ಗೂ ಹೋಸ್ಟಿಂಗ್‌ಗೂ ಇದ್ದರೆ ಅವನ್ನೂ ಬದಲಾಯಿಸಿ. ಒಳನುಸುಳಿದ ಗುರುತು ಸಿಕ್ಕರೆ, ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು ಮತ್ತು 180 ದಿನಗಳ ಲಾಗ್ ನಿಮ್ಮ ಬಳಿ ಇರಬೇಕು. ಹಾಗಾಗಿ ಎಂಜಿನ್ಎಕ್ಸ್‌ನ ಲಾಗ್‌ರೊಟೇಟ್ ಸೆಟ್ಟಿಂಗ್ 14 ದಿನಕ್ಕೇ ಹಳೆಯದನ್ನು ಅಳಿಸುತ್ತಿದ್ದರೆ ಅದನ್ನು ಇವತ್ತೇ 180ಕ್ಕೆ ಏರಿಸಿ.